ಕುರ್ಚಿಯ ಕಮಾನಿಗೆ ಹಬೆ, ಪಟ್ಟಿ ಮತ್ತು ಚೊಗರು: ಕಲಿಯುವವರಿಗೊಂದು ಟಿಪ್ಪಣಿ

ಕೀಸುಳಿ ಹಿಡಿಯಲು, ತೂತು ಕೊರೆದು ಕಾಲು ಕೂರಿಸಲು ಬರುತ್ತದೆ ಎಂದು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕುರ್ಚಿಯ ಬೆನ್ನಿಗೆ ಬರುವ ಕಮಾನನ್ನು ಹಬೆಯಲ್ಲಿ ಬಗ್ಗಿಸುವುದು, ಆಮೇಲೆ ಅದನ್ನು ಕರಿಮರದ ಹಾಗೆ ಕಪ್ಪು ಮಾಡುವುದು, ಇವೆರಡೇ ಇಲ್ಲಿರುವ ವಿಷಯ. ಎರಡರಲ್ಲೂ ತಲೆ ಕೆಡಿಸುವ ಜಾಗ ಒಂದೊಂದಿದೆ. ಅಲ್ಲಿ ನಿಂತು ಬರೆದಿದ್ದೇನೆ, ಉಳಿದದ್ದು ಓಡುತ್ತದೆ.

ಪಟ್ಟಿ ಯಾಕೆ ಬೇಕು?

ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಲಿಗ್ನಿನ್. ಒದ್ದೆ ಮರವನ್ನು ನೀರು ಕುದಿಯುವಷ್ಟು ಬಿಸಿ ಮಾಡಿದರೆ ಅದು ಮೆತ್ತಗಾಗುತ್ತದೆ, ಆರಿದರೆ ಮತ್ತೆ ಗಟ್ಟಿಯಾಗುತ್ತದೆ. ಇದು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ಉಕ್ಕಿನ ಪಟ್ಟಿ. ಮರ ಹೇಗೂ ಮೆತ್ತಗಾಗಿದೆಯಲ್ಲ, ಮತ್ತೆ ಅದರ ಬೆನ್ನಿಗೆ ಪಟ್ಟಿ ಕೊಟ್ಟು, ಎರಡು ತುದಿಗೂ ಅಡ್ಡಗಟ್ಟೆ ಹಾಕಿ ಬಿಗಿಯುವುದು ಯಾತಕ್ಕೆ?

ಉತ್ತರ ಲೆಕ್ಕದಲ್ಲಿದೆ. ದೇವಿಮನೆ ಘಟ್ಟದ ತಿರುವಿನಲ್ಲಿ ಒಳಬದಿಗೆ ಹೋಗುವ ಬೈಕಿಗಿಂತ ಹೊರಬದಿಗೆ ಬರುವ ಬಸ್ಸಿಗೆ ದಾರಿ ಉದ್ದ. ಮರದ ಕಡ್ಡಿಗೂ ಹಾಗೆಯೇ. 25 ಮಿ.ಮೀ. ದಪ್ಪದ ಕಡ್ಡಿಯನ್ನು 250 ಮಿ.ಮೀ. ತ್ರಿಜ್ಯದ ಅಚ್ಚಿಗೆ ಅರ್ಧ ವೃತ್ತವಾಗಿ ಸುತ್ತಿದಿರಿ ಎನ್ನಿ. ಅಚ್ಚಿಗೆ ತಾಗುವ ಒಳಮೈ ಉದ್ದ 785 ಮಿ.ಮೀ. ಹೊರಮೈ ತ್ರಿಜ್ಯ 275, ಹಾಗಾಗಿ ಅದರ ಉದ್ದ 864. ನೆಟ್ಟಗಿದ್ದಾಗ ಎರಡೂ ಮೈ ಒಂದೇ ಉದ್ದ ಇದ್ದವು. ಈಗ ನಡುವೆ 79 ಮಿ.ಮೀ. ವ್ಯತ್ಯಾಸ. ಹೊರಮೈ ಹಿಗ್ಗಬೇಕು, ಇಲ್ಲವೇ ಒಳಮೈ ಕುಗ್ಗಬೇಕು. ಮೂರನೆಯ ದಾರಿ ಇಲ್ಲ.

ಇನ್ನು ಮರದ ಸ್ವಭಾವ ನೋಡಿ. ಚೆನ್ನಾಗಿ ಹಬೆ ಕುಡಿದ ಮರ ಕೂಡ ಹಿಗ್ಗುವುದು ನೂರಕ್ಕೆ ಒಂದೋ ಎರಡೋ ಪಾಲು ಮಾತ್ರ, ಅದಕ್ಕಿಂತ ಎಳೆದರೆ ಹರಿಯುತ್ತದೆ. ಕುಗ್ಗುವುದರಲ್ಲಿ ಮಾತ್ರ ಅದು ಬಹಳ ಉದಾರಿ. ಬಗ್ಗುವ ಜಾತಿಯ ಮರವಾದರೆ ಶೇ. 25ರಿಂದ 30ರವರೆಗೂ ತನ್ನನ್ನು ತಾನೇ ಒತ್ತಿಕೊಂಡು ಕೂರುತ್ತದೆ.

ಪಟ್ಟಿ ಇಲ್ಲದೆ ಬಗ್ಗಿಸಿದರೆ ಹೊರೆಯನ್ನು ಎರಡೂ ಮೈ ಹೆಚ್ಚುಕಡಿಮೆ ಸಮ ಹಂಚಿಕೊಳ್ಳುತ್ತವೆ. ನಡುಗೆರೆ, ಅಂದರೆ ಕಡ್ಡಿಯ ದಪ್ಪದ ನಟ್ಟನಡುವಿನ ಗೆರೆ, 825 ಮಿ.ಮೀ. ಆಗಿ ಉಳಿಯುತ್ತದೆ, ಒಳಗೆ ಶೇ. 4.8 ಕುಗ್ಗು, ಹೊರಗೆ ಶೇ. 4.8 ಹಿಗ್ಗು. ಹೊರಗಿನ ಆ 4.8ರಲ್ಲೇ ಸಿಬಿರು ಏಳುತ್ತದೆ. ಪಟ್ಟಿ ಕಟ್ಟಿದರೆ ಉಕ್ಕು ಹಿಗ್ಗುವುದಿಲ್ಲ, ತುದಿಯ ಗಟ್ಟೆಗಳು ಮರವನ್ನು ಜಾರಲು ಬಿಡುವುದಿಲ್ಲ. ಹೊರಮೈ 864ರಲ್ಲೇ ನಿಲ್ಲುತ್ತದೆ, ಇಡೀ 79 ಮಿ.ಮೀ. ಒಳಮೈಯ ತಲೆಗೆ ಬರುತ್ತದೆ. ಅಂದರೆ ಶೇ. 9.1 ಕುಗ್ಗು. 30 ತಡೆಯುವ ಮರಕ್ಕೆ 9 ಲೆಕ್ಕಕ್ಕಿಲ್ಲ.

ಹಾಗಾಗಿ ಹಬೆಯಲ್ಲಿ ಬಗ್ಗಿಸುವುದು ಎಂದರೆ ಮರವನ್ನು ಎಳೆಯುವ ಕೆಲಸವೇ ಅಲ್ಲ, ಉದ್ದಕ್ಕೆ ಅದುಮುವ ಕೆಲಸ. ಇದೊಂದು ತಲೆಗೆ ಹತ್ತಿದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ. ಕಡ್ಡಿಯನ್ನು ಅಚ್ಚಿನ ಅಳತೆಗೆ ಕತ್ತರಿಸಬಾರದು, ಹೊರಮೈಯ ಅಳತೆಗೆ ಕತ್ತರಿಸಬೇಕು. ಪಟ್ಟಿಯ ಗಟ್ಟೆಗಳ ನಡುವಿನ ಅಂತರವೂ ಅಷ್ಟೇ ಇರಬೇಕು. ತುದಿಗಳನ್ನು ಮೂಲೆಮಟ್ಟ ಹಿಡಿದು ಲಂಬಕೋನದಲ್ಲಿ ನೆಟ್ಟಗೆ ಕೊಯ್ಯಬೇಕು, ಓರೆಯಾದರೆ ಒತ್ತಡ ಒಂದೇ ಮೂಲೆಗೆ ಬೀಳುತ್ತದೆ. ಒಂದು ಗಟ್ಟೆಗೆ ತಿರುಪು ಇದ್ದರೆ ಒಳ್ಳೆಯದು: ಬಗ್ಗಿಸುತ್ತಾ ಹೋದಂತೆ ಒತ್ತಡ ವಿಪರೀತ ಏರಿ ಒಳಮೈಯಲ್ಲಿ ಸುಕ್ಕು ಮೂಡಲು ಶುರುವಾದರೆ ತುಸು ಸಡಿಲಿಸಬಹುದು. ಒಳಗೆ ಸುಕ್ಕಾದರೆ ಗಟ್ಟೆ ಬಿಗಿ, ಹೊರಗೆ ಸಿಬಿರಾದರೆ ಗಟ್ಟೆ ಸಡಿಲ. ಒಡೆದ ಕಡ್ಡಿ ಕೈಯಲ್ಲಿ ಹಿಡಿದು ಮೊದಲು ನೋಡಬೇಕಾದದ್ದು ಇದನ್ನೇ.

ನನಗೆ ಬಹಳ ಇಷ್ಟವಾದ ಅಡ್ಡದಾರಿ ಇದು. ಕಡ್ಡಿಯ ದಪ್ಪವನ್ನು ನಡುಗೆರೆಯ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. ಮೇಲಿನ ಕಡ್ಡಿಗೆ 25ನ್ನು 525ರಿಂದ ಭಾಗಿಸಿದರೆ 0.048, ಅದೇ ಶೇ. 4.8. ಉತ್ತರ ಶೇ. 2ಕ್ಕಿಂತ ಕೆಳಗಿದ್ದರೆ ಪಟ್ಟಿ ಇಲ್ಲದೆಯೇ ಪ್ರಯತ್ನಿಸಬಹುದು. ಬೆನ್ನಿಗೆ ಅಡ್ಡ ಬರುವ 12 ಮಿ.ಮೀ. ದಪ್ಪದ ಮರದ ಪಟ್ಟಿಕೆ, ನಡುಗೆರೆಯ ತ್ರಿಜ್ಯ 400: 12ನ್ನು 800ರಿಂದ ಭಾಗಿಸಿದರೆ ಶೇ. 1.5. ಪಟ್ಟಿಯ ರಗಳೆ ಬೇಡ, ಎರಡು ಕೈಯಲ್ಲಿ ಹಿಡಿದು ಅಚ್ಚಿಗೆ ಒತ್ತಿದರೆ ಸಾಕು. ಪಟ್ಟಿ ಹಾಕುವುದಾದರೆ ಒಳಮೈ ಎಷ್ಟು ಕುಗ್ಗಬೇಕು ಎಂದು ತಿಳಿಯಲು ದಪ್ಪವನ್ನು ಹೊರ ತ್ರಿಜ್ಯದಿಂದ ಭಾಗಿಸಿ: 25 ಭಾಗ 275, ಶೇ. 9.1. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಳ್ಳುವಂಥ ಲೆಕ್ಕ. ನಿಜದಲ್ಲಿ ಬಿಸಿ ಮರ ಕುಗ್ಗಲು ಹೆಚ್ಚು ಒಪ್ಪುವುದರಿಂದ ನಡುಗೆರೆ ತುಸು ಹೊರಕ್ಕೆ ಸರಿಯುತ್ತದೆ, ಹಾಗಾಗಿ ಹಬೆ ಕುಡಿದ ಮರ ಈ ಲೆಕ್ಕಕ್ಕಿಂತ ಚೂರು ಹೆಚ್ಚೇ ಬಗ್ಗುತ್ತದೆ. ಲೆಕ್ಕ ತಪ್ಪಿದರೂ ನಮ್ಮ ಪರವಾಗಿಯೇ ತಪ್ಪುತ್ತದೆ.

ಈ ಪಟ್ಟಿಯ ಹಿಂದೆ ಮೈಕೆಲ್ ಥೋನೆಟ್ ಇದ್ದಾನೆ. ಅವನು ಮೊದಲು ತೆಳು ಪದರಗಳನ್ನು ಅಂಟಿನಲ್ಲಿ ಬೇಯಿಸಿ ಬಗ್ಗಿಸುತ್ತಿದ್ದ. ತೇವದ ಸೀಮೆಗೆ ಹೋದ ಕುರ್ಚಿಗಳ ಅಂಟು ಬಿಡುತ್ತಿತ್ತು. (ಕಾರವಾರದ ಮಳೆಗಾಲದಲ್ಲಿ ಪ್ಲೈವುಡ್ ಬಾಗಿಲು ಹೊಟ್ಟೆ ಬಿಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.) ಕೊನೆಗೆ ಇಡೀ ಬೀಚ್ ಮರದ ಕಡ್ಡಿಗೇ ಕಬ್ಬಿಣದ ಪಟ್ಟಿ ಕಟ್ಟಿ ಬಗ್ಗಿಸಿದ. 1859ರ 14ನೇ ನಂಬರಿನ ಕುರ್ಚಿ ಹಾಗೆ ಹುಟ್ಟಿದ್ದು. ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು.

ಮರ, ಹಬೆ

ನಾರು ನೆಟ್ಟಗಿರಬೇಕು. ಜಾತಿ ಯಾವುದೆಂದು ಆಮೇಲೆ ಕೇಳಿ. ಕಡ್ಡಿಯ ಪಕ್ಕದಲ್ಲಿ ನಾರಿನ ಗೆರೆ ಒಂದು ಅಂಚಿನಿಂದ ಹೊರಟು ಇನ್ನೊಂದು ಅಂಚಿಗೆ ಹೋಗಿ ಮುಗಿದರೆ ಅದು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಗರಗಸದಲ್ಲಿ ಕೊಯ್ದದ್ದಕ್ಕಿಂತ ಬೆಣೆ ಹೊಡೆದು ಸೀಳಿದ್ದು ಒಳ್ಳೆಯದು, ಯಾಕೆಂದರೆ ಸೀಳು ನಾರಿನ ದಾರಿಯನ್ನೇ ಹಿಡಿಯುತ್ತದೆ. ಬಾಗುವ ಜಾಗದಲ್ಲಿ ಗಂಟು ಬೇಡವೇ ಬೇಡ. ಹಲಸು, ಹೊನ್ನೆ, ಮತ್ತಿಯಂಥ ನಮ್ಮ ಮರಗಳಲ್ಲಿ ನಾರು ಹೆಣೆದುಕೊಂಡಿರುವುದೇ ಹೆಚ್ಚು, ಕಮಾನಿಗೆ ಅವು ಕಷ್ಟ. ಕಾಲಿಗೆ, ಕೂರುವ ಹಲಗೆಗೆ ಅವನ್ನು ಬಳಸಿ. ತೋಟದ ಅಂಚಿನ ಎಳೆ ಸಾಗವಾನಿ ನೆಟ್ಟಗೆ ಸೀಳುತ್ತದೆ, ಸಾಧಾರಣ ಬಾಗಿಗೆ ಆಗುತ್ತದೆ. ಹಿಪ್ಪುನೇರಳೆ ಸಿಕ್ಕರೆ ಬಿಡಬೇಡಿ, ಹಾಕಿ ಆಟದ ಕೋಲಿನ ಕೊಕ್ಕೆಯನ್ನು ಬಗ್ಗಿಸುತ್ತಿದ್ದದ್ದು ಅದರಲ್ಲೇ.

ಭಟ್ಟಿಯಲ್ಲಿ ಒಣಗಿಸಿದ ಮರ ಬೇಡ, ಒಡೆಯುವುದು ಜಾಸ್ತಿ. ಗಾಳಿಗೆ ಆರಿದ, ಇನ್ನೂ ಶೇ. 20ರಿಂದ 25 ತೇವ ಇರುವ ಮರ ಚೆಂದ.

ಹಬೆ ಪೆಟ್ಟಿಗೆಗೆ ಹಲಗೆಯ ಉದ್ದನೆ ಡಬ್ಬಿ ಸಾಕು. ಹಬೆ ಬರಲಿಕ್ಕೆ ಅಡಿಕೆ ಬೇಯಿಸುವ ಹಂಡೆಗೆ ಮುಚ್ಚಳ ಕೂರಿಸಿ ಕೊಳವೆ ಎಳೆದರಾಯಿತು. ಪೆಟ್ಟಿಗೆ ತುಸು ಇಳಿಜಾರಾಗಿರಲಿ, ಕೆಳತುದಿಯಲ್ಲಿ ನೀರು ಮತ್ತು ಹಬೆ ಹೋಗಲು ತೂತಿರಲಿ. ಎಲ್ಲೂ ಬಿಗಿ ಮುಚ್ಚಬೇಡಿ, ಮುಚ್ಚಿದರೆ ಅದು ಬಾಂಬು. ದಪ್ಪದ ಪ್ರತಿ 25 ಮಿ.ಮೀ.ಗೆ ಒಂದು ಗಂಟೆ. ಗಂಟೆ ಎಣಿಸುವುದು ಒಲೆ ಹಚ್ಚಿದಾಗಿನಿಂದಲ್ಲ, ಪೆಟ್ಟಿಗೆಯ ದೂರದ ತುದಿಯೂ ಕುದಿಬಿಸಿಗೆ ಬಂದಾಗಿನಿಂದ. ಶಿರಸಿಯವರಿಗೆ ಒಂದು ಮಾತು: ನಾವಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 590 ಮೀಟರ್ ಮೇಲೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಆಸುಪಾಸಿನಲ್ಲಿ. ಥರ್ಮಾಮೀಟರ್ 100 ತೋರಿಸಲಿ ಎಂದು ಕಾಯುತ್ತಾ ಕೂತರೆ ಕಟ್ಟಿಗೆ ಖರ್ಚು, ಅಷ್ಟೆ.

ಪೆಟ್ಟಿಗೆಯಿಂದ ತೆಗೆದ ಮೇಲೆ ಮಾತಿಗೆ ಸಮಯವಿಲ್ಲ. ಅರ್ಧ ನಿಮಿಷದೊಳಗೆ ಬಾಗಲು ಶುರುವಾಗಬೇಕು. ದಪ್ಪ ಕೈಗವಸು ಹಾಕಿ, ಕ್ಲಾಂಪುಗಳನ್ನು ಮೊದಲೇ ತೆರೆದು ಸಾಲಾಗಿ ಇಡಿ, ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ಬಗ್ಗಿದ ಕಮಾನು ಅಚ್ಚಿನಲ್ಲೇ ಆರಬೇಕು. ಬೇಸಿಗೆಯಲ್ಲಿ ವಾರದ ಲೆಕ್ಕ. ಮಳೆಗಾಲದಲ್ಲಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟವೇ ಗತಿ. ಅಚ್ಚಿನಿಂದ ತೆಗೆದ ಮೇಲೂ ಎರಡು ತುದಿಗೆ ಹಗ್ಗ ಬಿಗಿದಿಡಿ, ತೇವ ಏರಿದರೆ ಕಮಾನು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ.

ಪಟ್ಟಿ ಬಿಟ್ಟ ಕಲೆ

ಪಟ್ಟಿ ಬಿಚ್ಚಿ ನೋಡಿದರೆ ಅದು ತಾಗಿದ್ದ ಉದ್ದಕ್ಕೂ ಮರ ನೀಲಿಗಪ್ಪಾಗಿರುತ್ತದೆ. ನನ್ನ ಮುಖ ನೋಡಿ ನಮ್ಮ ಆಚಾರಿಯವರು ನಕ್ಕರು. “ಗಾಬರಿ ಯಂತಕ್ಕೆ ಮಾರಾಯ? ನೀ ನಾಳೆ ಮಾಡ್ಬೇಕು ಅಂದಿದ್ದನ್ನ ಪಟ್ಟಿ ಇವತ್ತೇ ಮಾಡ್ತು.” ಬಿಳಿಯ ಕುರ್ಚಿ ಬೇಕೆನ್ನುವವರು ಸ್ಟೇನ್‌ಲೆಸ್ ಪಟ್ಟಿ ಬಳಸುತ್ತಾರೆ, ಇಲ್ಲವೇ ಮರಕ್ಕೂ ಉಕ್ಕಿಗೂ ನಡುವೆ ಪ್ಲಾಸ್ಟಿಕ್ ಹಾಳೆ ಕೊಡುತ್ತಾರೆ. ಕಪ್ಪು ಬೇಕೆನ್ನುವವರಿಗೆ ಆ ಕಲೆಯೇ ಪಾಠ: ಮರದಲ್ಲಿ ಟ್ಯಾನಿನ್ ಇತ್ತು, ಪಟ್ಟಿಯಲ್ಲಿ ಕಬ್ಬಿಣ ಇತ್ತು, ಹಬೆ ಅವೆರಡನ್ನು ಕೂಡಿಸಿತು. ಟ್ಯಾನಿನ್ ಎಂದರೆ ನಮ್ಮ ಚೊಗರು. ಹಳೆಯ ಶಾಯಿ ಕಪ್ಪಾಗುತ್ತಿದ್ದದ್ದೂ ಇದರಿಂದಲೇ.

ಹಾಗಾದರೆ ಬಗ್ಗಿಸಿದ ಕಮಾನಿಗೆ ಕಬ್ಬಿಣದ ನೀರು ಹಚ್ಚಿಬಿಟ್ಟರೆ ಆಯಿತಲ್ಲ? ಆಗುವುದಿಲ್ಲ. ಹಬೆ ಪೆಟ್ಟಿಗೆಯ ತೂತಿನಿಂದ ಇಳಿಯುವ ನೀರು ನೋಡಿ, ಚಹಾದ ಬಣ್ಣ. ಮರದ ಮೇಲ್ಮೈಯ ಟ್ಯಾನಿನ್ ಒಂದಷ್ಟು ಅದರಲ್ಲೇ ಹೋಗಿರುತ್ತದೆ, ಅದೂ ಪಟ್ಟೆಪಟ್ಟೆಯಾಗಿ. ಬರೀ ಕಬ್ಬಿಣ ಹಚ್ಚಿದರೆ ಕಾಲು ಕಪ್ಪು, ಕಮಾನು ಬೂದು. ಆದ್ದರಿಂದ ಕಮಾನನ್ನು ಕೆರೆದು ಹೊಸ ಮೈ ತೆಗೆಯಬೇಕು, ಹೋದ ಚೊಗರನ್ನು ಹೊರಗಿನಿಂದ ಕೊಡಬೇಕು.

ಈ ವಿಷಯದಲ್ಲಿ ಶಿರಸಿ ಸೀಮೆಯವರು ಅದೃಷ್ಟವಂತರು. ಕೆಂಪಡಿಕೆಗೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ಹೆಚ್ಚುಕಡಿಮೆ ಪುಕ್ಕಟೆ. ಹೊರಗಿನವರು ಇದಕ್ಕೆ ಯಾವುದೋ ದೇಶದ ಮರದ ತೊಗಟೆಯ ಪುಡಿ ತರಿಸುತ್ತಾರೆ. ಚೊಗರನ್ನು ಸೋಸಿ, ನೀರು ಬೆರೆಸಿ ತೆಳು ಮಾಡಿ, ಬಿಸಿಯಿದ್ದಾಗಲೇ ಹಚ್ಚಿ. ದಪ್ಪಗೆ ಬಳಿದರೆ ಮೇಲೇ ಹೊಪ್ಪಳೆಗಟ್ಟುತ್ತದೆ. ಅಡಿಕೆಯ ಟ್ಯಾನಿನ್ನಿಗೆ ಕಬ್ಬಿಣ ಸೇರಿದರೆ ಬರುವುದು ತುಸು ಹಸಿರು ಛಾಯೆಯ ಕಪ್ಪು. ಅಳಲೆಕಾಯಿಯದು ಬೇರೆ ಜಾತಿಯ ಟ್ಯಾನಿನ್, ಅದರ ಕಪ್ಪು ನೀಲಿಯ ಕಡೆಗೆ ವಾಲುತ್ತದೆ. ನಾನು ಮೊದಲು ಚೊಗರು, ನಡುವೆ ಕಬ್ಬಿಣ, ಕೊನೆಗೆ ಅಳಲೆಕಾಯಿ ಕಷಾಯ ಕೊಡುತ್ತೇನೆ. ಎರಡೂ ಛಾಯೆ ಸೇರಿ ಕಣ್ಣಿಗೆ ಬರೀ ಕಪ್ಪು ಕಾಣುತ್ತದೆ.

ಕಬ್ಬಿಣದ ನೀರು ಮಾಡುವುದು ಸುಲಭ. ಸ್ಟೀಲ್ ವೂಲನ್ನು (ಉಕ್ಕಿನ ನವಿರು ಎಳೆಗಳ ಉಂಡೆ) ಸೋಪಿನಲ್ಲಿ ತೊಳೆದು ಅದರ ಎಣ್ಣೆ ತೆಗೆದು, ಗಾಜಿನ ಭರಣಿಗೆ ಹಾಕಿ, ಮುಳುಗುವಷ್ಟು ವಿನೆಗರ್ ಸುರಿಯಿರಿ. ಅಂಗಡಿಯ ಶೇ. 4ರದ್ದೇ ಸಾಕು. ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ತಿರುಗಿಸಬೇಡಿ: ಹೈಡ್ರೋಜನ್ ಬರುತ್ತದೆ, ಬೆಂಕಿಯ ಹತ್ತಿರವೂ ಇಡಬೇಡಿ. ವೂಲ್ ಬಹುಪಾಲು ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ. ಶ್ರೀಕಾಳಹಸ್ತಿಯ ಕಲಂಕಾರಿಯವರು ವಿನೆಗರ್ ಬದಲು ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣ ಹುಳಿ ಬರಿಸುತ್ತಾರೆ. ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ನೀರಿಗೆ ಹಾಕಿದರೆ ಕಾಯುವ ಕೆಲಸವೇ ಇಲ್ಲ, ಆದರೆ ಅದು ಗಂಧಕದ ಆಮ್ಲ ಉಳಿಸಿ ಹೋಗುತ್ತದೆ. ಹಳೆಯ ಶಾಯಿ ಕಾಗದವನ್ನೇ ತಿನ್ನುವುದು ಅಂಥ ಆಮ್ಲ ಮತ್ತು ಕಬ್ಬಿಣದಿಂದ, ಹಾಗಾಗಿ ಕುರ್ಚಿಗೆ ನನಗೆ ಅದು ಬೇಡ.

ಈಗ ಎರಡನೆಯ ತಲೆಕೆಡುವ ಜಾಗ. ಸೋಸಿದ ನೀರು ತಿಳಿ ಹಸಿರು, ಹೆಚ್ಚೆಂದರೆ ಬೂದು. ಇಷ್ಟು ತೆಳ್ಳಗಿನದು ಏನು ಕಪ್ಪು ಮಾಡೀತು ಎಂದುಕೊಂಡು, ಕೆಂಪಾಗಲಿ ಎಂದು ತಿಂಗಳುಗಟ್ಟಲೆ ತೆರೆದಿಡುವವರಿದ್ದಾರೆ. ತಿರುಗಾಮುರುಗಾ. ತಿಳಿ ನೀರಿನಲ್ಲಿರುವುದು ಗಾಳಿ ತಿನ್ನದ ಕಬ್ಬಿಣ. ಅದು ಕರಗಿದ ಸ್ಥಿತಿಯಲ್ಲೇ ನಾರಿನ ಒಳಗೆ ಇಳಿದು ಟ್ಯಾನಿನ್ನನ್ನು ಹಿಡಿಯುತ್ತದೆ, ಆಮೇಲೆ ಗಾಳಿ ತಾಗಿ ಅಲ್ಲೇ ಕಪ್ಪಾಗುತ್ತದೆ. ಹಚ್ಚಿದ ಕ್ಷಣಕ್ಕೆ ಬೂದು, ನೋಡುತ್ತಿದ್ದಂತೆ ಅಂಚಿನಿಂದ ಕಪ್ಪು ಏರುತ್ತಾ ಬರುವುದು ಅದಕ್ಕೇ. ಭರಣಿಯಲ್ಲೇ ಕೆಂಪಾದದ್ದರಲ್ಲಿ ಗಾಳಿಯ ಕೆಲಸ ಮೊದಲೇ ಮುಗಿದು ತುಕ್ಕು ಕೂತಿರುತ್ತದೆ. ಅದು ಒಳಗಿಳಿಯದೆ ಮೇಲೆ ಕಂದು ಕೆಸರಾಗಿ ನಿಲ್ಲುತ್ತದೆ, ಒರೆಸಿದರೆ ಬಟ್ಟೆಗೆ ಬರುತ್ತದೆ. ತಾಜಾ ಮಾಡಿ, ಬೇಗ ಬಳಸಿ.

ಹಚ್ಚುವ ಮೊದಲು ಅಂಚುಗಳನ್ನು ಉರುಟು ಮಾಡಿ ಮುಗಿಸಿ. ಮರಕ್ಕೆ ಬರೀ ನೀರು ಒರೆಸಿ, ನಾರು ಎದ್ದು ನಿಂತು ಒಣಗಿದ ಮೇಲೆ 220ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಕಪ್ಪಾದ ಮೇಲೆ ಉಜ್ಜುವಂತಿಲ್ಲ, ಆ ಪದರ ಬಹಳ ತೆಳು. ಗೋಂದು ಬಿದ್ದ ಜಾಗ ಕಪ್ಪಾಗುವುದಿಲ್ಲ, ಜೋಡಣೆಯ ಸುತ್ತ ಉಗುರಿನಿಂದ ಕೆರೆದು ನೋಡಿ. ಚೊಗರಿನ ಬ್ರಷ್ಷನ್ನು ಕಬ್ಬಿಣದ ನೀರಿಗೆ ಅದ್ದಬೇಡಿ, ಇಡೀ ಭರಣಿ ಶಾಯಿಯಾಗುತ್ತದೆ.

ಒಣಗಿದ ಕುರ್ಚಿ ನೋಡಿ ಎದೆಗುಂದಬೇಡಿ. ಒಲೆಯ ಬೂದಿ ಮೆತ್ತಿದಂತೆ ಮಂಕಾಗಿ ಕಾಣುತ್ತದೆ, ಇನ್ನೊಂದು ಕೈ ಕಬ್ಬಿಣ ಹಚ್ಚಲೇ ಎನಿಸುತ್ತದೆ. ಹಚ್ಚಬೇಡಿ. ಒಂದು ಮೂಲೆಗೆ ಅಗಸೆ ಎಣ್ಣೆಯ ಹನಿ ಹಾಕಿ ಉಜ್ಜಿ ನೋಡಿ, ಅಷ್ಟೂ ಜಾಗ ಕರಿಮರವಾಗುತ್ತದೆ. ಅಲ್ಲಿಯೂ ಮಂಕಾಗಿಯೇ ಉಳಿದರೆ ಮಾತ್ರ ಅಳಲೆಯಿಂದ ಮತ್ತೆ ಶುರು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬಟ್ಟೆ ಹೊತ್ತಿಕೊಳ್ಳುತ್ತದೆ. ಅಂಗಳದ ತಂತಿಯ ಮೇಲೆ ಹರಡಿ, ಮಳೆ ಇದ್ದರೆ ನೀರಿನ ಬಕೆಟ್ಟಿಗೆ ಹಾಕಿ.