ಮರಿ ಎಷ್ಟು ಹಾಕಿತು?

ಲೈಟ್ ಬಾಕ್ಸಿನ ಮೇಲೆ ಗಾಜಿನ ಬೀಕರೊಂದನ್ನು ಇಟ್ಟು ಬಾಗಿ ನೋಡುವುದರಿಂದ ನಮ್ಮ ಪ್ರಯೋಗಾಲಯದ ಬೆಳಗು ಆರಂಭವಾಗುತ್ತದೆ. ಬೀಕರಿನಲ್ಲಿ 80 ಮಿಲಿಲೀಟರ್ ನೀರು, ಆ ನೀರಿನಲ್ಲಿ ಒಂದೇ ಒಂದು ಡಾಫ್ನಿಯಾ ಮ್ಯಾಗ್ನಾ, ಅಂದರೆ ನೀರುಚಿಗಟ. ಮೂರು ಮಿಲಿಮೀಟರಿನಷ್ಟಿರುವ ಈ ಜೀವಿಯ ಮೈ ಗಾಜಿನಂತೆ ಪಾರದರ್ಶಕ. ಭೂತಗನ್ನಡಿ ಹಿಡಿದರೆ ಕರುಳಿನಲ್ಲಿ ಇಳಿಯುತ್ತಿರುವ ಹಸಿರು ಪಾಚಿಯೂ ಬೆನ್ನಿನ ಕಡೆಯ ಮರಿಚೀಲದಲ್ಲಿರುವ ಮೊಟ್ಟೆಗಳೂ ಕಾಣುತ್ತವೆ. ನಿನ್ನೆ ತುಂಬಿದ್ದ ಚೀಲ ಇಂದು ಖಾಲಿಯಾಗಿದೆ, ತಾಯಿಯ ಸುತ್ತ ಚುಕ್ಕೆಗಳಂತಹ ಮರಿಗಳು ಕುಪ್ಪಳಿಸುತ್ತಿವೆ. ಅಗಲ ಬಾಯಿಯ ಗಾಜಿನ ಪಿಪೆಟ್ಟಿನಿಂದ ಮೊದಲು ತಾಯಿಯನ್ನು ಹೊಸ ನೀರಿಗೆ ಸಾಗಿಸಬೇಕು. ಪಿಪೆಟ್ಟಿನ ತುದಿ ನೀರಿನಲ್ಲಿ ಮುಳುಗಿರುವಾಗಲೇ ಅದನ್ನು ಬಿಡಬೇಕು. ಮೇಲಿನಿಂದ ಬೀಳಿಸಿದರೆ ಚಿಪ್ಪಿನೊಳಗೆ ಗಾಳಿ ಸಿಕ್ಕಿಕೊಂಡು ಪ್ರಾಣಿ ನೀರಿನ ಮೇಲ್ಮೈಯಲ್ಲೇ ತೇಲುತ್ತ ಉಳಿಯುತ್ತದೆ. ಆಮೇಲೆ ಎಣಿಕೆ: ಜೀವಂತ ಮರಿ ಹನ್ನೊಂದು, ಸತ್ತ ಮರಿ ಇಲ್ಲ, ಉದುರಿದ ಮೊಟ್ಟೆ ಎರಡು. ಇಂತಹ ಬೀಕರುಗಳು ಒಟ್ಟು ಅರವತ್ತು.

ರಾಸಾಯನಿಕವೊಂದು ಜಲಚರ ಅಕಶೇರುಕಗಳಿಗೆ, ಅಂದರೆ ಬೆನ್ನೆಲುಬಿಲ್ಲದ ನೀರಿನ ಜೀವಿಗಳಿಗೆ, ದೀರ್ಘಕಾಲದಲ್ಲಿ ಎಷ್ಟು ವಿಷಕಾರಿ ಎಂಬ ಪ್ರಶ್ನೆಗೆ ಉತ್ತರ ಹೊರಡುವುದು ಬಹುಮಟ್ಟಿಗೆ ಈ ಎಣಿಕೆಯಿಂದ. ಇದಕ್ಕಿಂತ ಸುಲಭವಾದ ಪರೀಕ್ಷೆಯೊಂದಿದೆ, ಹೆಚ್ಚಿನವರು ಕೇಳಿರುವುದೂ ಅದನ್ನೇ. ಡಾಫ್ನಿಯಾ ಮರಿಗಳನ್ನು 48 ಗಂಟೆಗಳ ಕಾಲ ರಾಸಾಯನಿಕವಿರುವ ನೀರಿನಲ್ಲಿಟ್ಟು, ಪಾತ್ರೆಯನ್ನು ಮೆಲ್ಲಗೆ ಅಲುಗಿಸಿದ ಮೇಲೆ 15 ಸೆಕೆಂಡಿನೊಳಗೆ ಯಾವುವು ಈಜುವುದಿಲ್ಲವೋ ಅವನ್ನು ನಿಶ್ಚಲವೆಂದು ಬರೆದುಕೊಳ್ಳುವುದು. ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಸಾಂದ್ರತೆಯೇ ಇಸಿ50. ಟ್ಯಾಂಕರ್ ಮಗುಚಿ ಬಿದ್ದು ರಾಸಾಯನಿಕ ಹಳ್ಳಕ್ಕೆ ಹರಿದಾಗ ಏನಾಗಬಹುದು ಎಂಬುದಕ್ಕೆ ಈ ಅಂಕಿ ಉಪಯುಕ್ತ. ಆದರೆ ನದಿಗೆ, ಕೆರೆಗೆ ದಿನವೂ ಇಷ್ಟಿಷ್ಟೇ ಸೇರುವ ವಸ್ತುವಿನ ವಿಷಯದಲ್ಲಿ ಎರಡು ದಿನದ ಪರೀಕ್ಷೆ ಹೇಳುವುದು ಬಹಳ ಕಡಿಮೆ.

ಟ್ರೈಬ್ಯುಟೈಲ್‌ಟಿನ್ ಕಥೆ ಈ ವಿಷಯದಲ್ಲಿ ನನಗೆ ಯಾವಾಗಲೂ ನೆನಪಾಗುತ್ತದೆ. ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಿರಲೆಂದು ಬಣ್ಣದಲ್ಲಿ ಬೆರೆಸುತ್ತಿದ್ದ ತವರದ ಸಂಯುಕ್ತ ಅದು. 1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರ ಕಸುಬು ಕುಸಿಯಿತು: ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿ ಸಿಂಪಿಗಳು ನೆಲೆಗೊಳ್ಳುವುದೇ ನಿಂತಿತು. ಇಂಗ್ಲೆಂಡಿನ ಕರಾವಳಿಯಲ್ಲಿ ನ್ಯುಸೆಲ್ಲಾ ಎಂಬ ಶಂಖುಹುಳುವಿನ ಹೆಣ್ಣುಗಳಿಗೆ ಗಂಡಿನ ಜನನಾಂಗ ಬೆಳೆದು ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತಿತ್ತು. ಈ ಬದಲಾವಣೆ ಶುರುವಾಗಲು ಲೀಟರಿಗೆ ಸುಮಾರು ಒಂದು ನ್ಯಾನೋಗ್ರಾಂ ಸಾಕಾಗಿತ್ತು. ಆ ಪ್ರಮಾಣದಲ್ಲಿ ಎರಡು ದಿನ ಇಟ್ಟರೆ ಯಾವ ಹುಳುವೂ ಸಾಯುವುದಿಲ್ಲ. ಹುಳುಗಳು ಬದುಕಿದ್ದವು, ಸಂತತಿ ಮಾತ್ರ ಮುಗಿಯುತ್ತ ಬಂದಿತ್ತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣವನ್ನು ನಿರ್ಬಂಧಿಸಿತು; ಅಂತಾರಾಷ್ಟ್ರೀಯ ಒಪ್ಪಂದ 2001ರಲ್ಲಿ ಅಂಗೀಕಾರವಾಗಿ ಜಾರಿಗೆ ಬಂದದ್ದು 2008ರಲ್ಲಿ.

ದೀರ್ಘಕಾಲೀನ ಪರೀಕ್ಷೆಯಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) 211ನೆಯ ಮಾರ್ಗಸೂಚಿ. 1998ರಲ್ಲಿ ಅಂಗೀಕಾರವಾಗಿ 2012ರಲ್ಲಿ ಪರಿಷ್ಕೃತವಾದ ಈ ವಿಧಾನದಲ್ಲಿ, ಹುಟ್ಟಿ 24 ಗಂಟೆ ತುಂಬದ ಹೆಣ್ಣು ಮರಿಗಳನ್ನು ಬೀಕರಿಗೆ ಒಂದರಂತೆ ಬಿಟ್ಟು, 21 ದಿನ ಸಾಕಿ, ಅವು ಹಾಕಿದ ಜೀವಂತ ಮರಿಗಳನ್ನು ಎಣಿಸುತ್ತೇವೆ. ಅನುಕೂಲಕರ ಸ್ಥಿತಿಯಲ್ಲಿ ಡಾಫ್ನಿಯಾ ಗಂಡಿನ ನೆರವಿಲ್ಲದೆ ತನ್ನದೇ ತದ್ರೂಪಿ ಹೆಣ್ಣು ಮರಿಗಳನ್ನು ಹಾಕುವುದರಿಂದ ಎಲ್ಲ ಬೀಕರುಗಳಲ್ಲೂ ಒಂದೇ ತಳಿಯ ಪ್ರಾಣಿಗಳಿರುತ್ತವೆ. ಸಾಮಾನ್ಯವಾಗಿ ಐದು ಸಾಂದ್ರತೆಗಳು, ಪ್ರತಿಯೊಂದಕ್ಕೂ ಹತ್ತು ಪ್ರಾಣಿ, ರಾಸಾಯನಿಕವೇ ಇಲ್ಲದ ಕಂಟ್ರೋಲ್ ನೀರಿನಲ್ಲಿ ಇನ್ನೂ ಹತ್ತು. ನೀರಿನ ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಒಳಗಿದ್ದು ಪರೀಕ್ಷೆಯುದ್ದಕ್ಕೂ ಎರಡು ಡಿಗ್ರಿಗಿಂತ ಹೆಚ್ಚು ಏರುಪೇರಾಗಬಾರದು. ದಿನಕ್ಕೆ 16 ಗಂಟೆ ಬೆಳಕು. ವಾರಕ್ಕೆ ಕನಿಷ್ಠ ಮೂರು ಬಾರಿ ನೀರು ಬದಲಾವಣೆ. ಪ್ರತಿ ಪ್ರಾಣಿಗೆ ದಿನಕ್ಕೆ 0.1ರಿಂದ 0.2 ಮಿಲಿಗ್ರಾಂ ಇಂಗಾಲಕ್ಕೆ ಸಮನಾದ ಪಾಚಿ. ಮೇ ತಿಂಗಳಿನಲ್ಲಿ ಕರೆಂಟ್ ಹೋಗಿ ಜನರೇಟರ್ ತಡವಾದರೆ ನಮ್ಮ ಕಣ್ಣು ಮೊದಲು ಹೋಗುವುದು ಥರ್ಮಾಮೀಟರಿನತ್ತ. ದಸರೆ ದೀಪಾವಳಿಗಳ ಆಸುಪಾಸಿನಲ್ಲಿ ಪರೀಕ್ಷೆ ಆರಂಭಿಸುವ ಮುನ್ನ ಕ್ಯಾಲೆಂಡರ್ ನೋಡುವುದೂ ಈ ಕೆಲಸದ ಭಾಗವೇ, ಏಕೆಂದರೆ ಡಾಫ್ನಿಯಾಗಳಿಗೆ ರಜೆಯಿಲ್ಲ.

ವರದಿ ಕೈಗೆ ಬಂದಾಗ ಹೆಚ್ಚಿನವರು ಕೊನೆಯ ಪುಟದ ಅಂಕಿಯನ್ನು ಹುಡುಕುತ್ತಾರೆ. ನಾನು ಮೊದಲು ನೋಡುವುದು ಕಂಟ್ರೋಲ್ ಬೀಕರುಗಳನ್ನು. ಕಂಟ್ರೋಲಿನಲ್ಲಿ ಶೇ. 20ಕ್ಕಿಂತ ಹೆಚ್ಚು ತಾಯಂದಿರು ಸತ್ತಿರಬಾರದು, ಬದುಕುಳಿದ ತಾಯಿಯೊಂದಕ್ಕೆ ಸರಾಸರಿ ಕನಿಷ್ಠ 60 ಜೀವಂತ ಮರಿಗಳಾಗಿರಬೇಕು; ಇವೆರಡರಲ್ಲಿ ಒಂದು ತಪ್ಪಿದರೂ ಪರೀಕ್ಷೆ ಸಿಂಧುವಲ್ಲ. ಹಲವು ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಪ್ರಯೋಗಾಲಯವೊಂದರಲ್ಲಿ ನಾನೇ ಹೊಣೆಯಾಗಿದ್ದ ಪರೀಕ್ಷೆಯ ಕಂಟ್ರೋಲ್ ಸರಾಸರಿ 52ಕ್ಕೆ ನಿಂತಿತು. ಪ್ರಾಣಿಗಳು ಚೆನ್ನಾಗಿಯೇ ಈಜುತ್ತಿದ್ದವು, ಒಂದೂ ಸತ್ತಿರಲಿಲ್ಲ. ಮೂಲ ಪತ್ತೆಯಾಗಲು ಒಂದು ವಾರ ಹಿಡಿಯಿತು. ಪಾಚಿಯ ಪ್ರಮಾಣವನ್ನು ನಾವು ಬೆಳಕಿನ ಹೀರಿಕೆಯಿಂದ ಅಳೆದು, ಕೋಷ್ಟಕವೊಂದನ್ನು ನೋಡಿ ಇಂಗಾಲದ ಮಿಲಿಗ್ರಾಂಗೆ ಬದಲಿಸುತ್ತಿದ್ದೆವು. ಆ ಕೋಷ್ಟಕ ಹಿಂದಿನ ಪಾಚಿ ಕಲ್ಚರಿಗೆ ತಯಾರಾದದ್ದು, ಹೊಸ ಕಲ್ಚರ್ ತಂದ ಮೇಲೆ ಅದನ್ನು ಮತ್ತೆ ಮಾಡುವುದು ನನಗೆ ಹೊಳೆದಿರಲಿಲ್ಲ. ಕಾಗದದ ಮೇಲೆ ಹೊಟ್ಟೆ ತುಂಬ ಊಟ, ಬೀಕರಿನಲ್ಲಿ ಅರೆಹೊಟ್ಟೆ. ಮೂರು ವಾರದ ಕೆಲಸ ಕಸದ ಬುಟ್ಟಿಗೆ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ. ಹಸಿದ ಡಾಫ್ನಿಯಾ ರಾಸಾಯನಿಕ ಇಲ್ಲದಿದ್ದರೂ ಮರಿ ಕಡಿಮೆ ಹಾಕುತ್ತದೆ. ಅಂತಹ ಕಂಟ್ರೋಲಿನೊಂದಿಗೆ ಹೋಲಿಸಿದಾಗ ರಾಸಾಯನಿಕದ ಪರಿಣಾಮ ಮರೆಯಾಗಿಬಿಡಬಹುದು.

ಎರಡನೆಯದಾಗಿ ನೋಡುವುದು ನೀರಿನಲ್ಲಿ ನಿಜಕ್ಕೂ ಎಷ್ಟು ರಾಸಾಯನಿಕವಿತ್ತು ಎಂಬುದನ್ನು. ತಕ್ಕಡಿಯಲ್ಲಿ ತೂಗಿ ಹಾಕಿದ್ದು ಒಂದು, ಪ್ರಾಣಿಯ ಪಾಲಿಗೆ ಉಳಿದದ್ದು ಇನ್ನೊಂದು. ಎಣ್ಣೆಯ ಗುಣದ ವಸ್ತುಗಳು ಗಾಜಿಗೆ ಅಂಟುತ್ತವೆ, ಪಾಚಿಯ ಮೈಗೆ ಸೇರುತ್ತವೆ. ಕೆಲವು ಆವಿಯಾಗುತ್ತವೆ, ಕೆಲವು ನೀರಿನಲ್ಲೇ ವಿಭಜನೆಯಾಗುತ್ತವೆ. ಅಳೆದ ಸಾಂದ್ರತೆ ಉದ್ದೇಶಿತ ಸಾಂದ್ರತೆಯ ಶೇ. 20ರ ಆಚೀಚೆಯೊಳಗೆ ಉಳಿದಿದ್ದರೆ ತೂಗಿದ ಅಂಕಿಯನ್ನೇ ಬಳಸಬಹುದು, ಇಲ್ಲವಾದರೆ ಅಳೆದದ್ದರ ಸರಾಸರಿಯೇ ಗತಿ. ಉದಾಹರಣೆಗೆ, ನೀರು ಬದಲಿಸಿದ ಕ್ಷಣದಲ್ಲಿ ಲೀಟರಿಗೆ 100 ಮೈಕ್ರೋಗ್ರಾಂ ಇದ್ದದ್ದು ಮುಂದಿನ ಬದಲಾವಣೆಯ ಹೊತ್ತಿಗೆ 25ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಇಳಿಕೆ ಘಾತೀಯ (ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ) ಎಂದು ಭಾವಿಸಿ ಕಾಲಮಾನದ ಸರಾಸರಿ ತೆಗೆದರೆ, ವ್ಯತ್ಯಾಸವಾದ 75ನ್ನು 4ರ ಸ್ವಾಭಾವಿಕ ಲಾಗರಿದಮ್ ಆದ 1.386ರಿಂದ ಭಾಗಿಸಬೇಕು, ಬರುವುದು 54. ಈ ಬೀಕರಿನಲ್ಲಿ ಏನೂ ತೊಂದರೆ ಕಾಣದಿದ್ದರೆ "100ರಲ್ಲಿ ಸುರಕ್ಷಿತ" ಎಂದು ಬರೆಯುವವರು ರಾಸಾಯನಿಕವನ್ನು ಅದರ ನಿಜ ವಿಷತ್ವದ ಅರ್ಧಕ್ಕೆ ಇಳಿಸಿ ತೋರಿಸಿದಂತೆ. ಲೋಹಗಳ ವಿಷಯದಲ್ಲಿ ಇನ್ನೊಂದು ಬಲೆಯಿದೆ. ಡಾಫ್ನಿಯಾ ಸಾಕಲು ಬಳಸುವ ಎಂ4, ಎಂ7 ಎಂಬ ನೀರಿನ ಸೂತ್ರಗಳಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಅದು ತಾಮ್ರ, ಸತುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ವಿಷ ಸೌಮ್ಯವಾಗಿ ಕಾಣುತ್ತದೆ. ಲೋಹವಿರುವ ಪರೀಕ್ಷೆಗೆ ಇಡಿಟಿಎ ಇಲ್ಲದ ನೀರನ್ನೇ ಆರಿಸಿಕೊಳ್ಳಬೇಕು.

ಇವೆರಡೂ ಸರಿಯಿದ್ದ ಮೇಲೆಯೇ ಕೊನೆಯ ಪುಟದ ಅಂಕಿಗೆ ಬೆಲೆ. ಆ ಅಂಕಿಯ ಹೆಸರು ಬಹುಕಾಲದಿಂದ ಎನ್‌ಒಇಸಿ, ಎಂದರೆ ಕಂಟ್ರೋಲಿಗಿಂತ ಸಂಖ್ಯಾಶಾಸ್ತ್ರೀಯವಾಗಿ ಭಿನ್ನವಾದ ಪರಿಣಾಮ ಕಾಣದ ಅತಿ ಹೆಚ್ಚಿನ ಸಾಂದ್ರತೆ. "ಪರಿಣಾಮ ಇಲ್ಲದ" ಎಂದು ಇದನ್ನು ಓದುವವರಿದ್ದಾರೆ, ಅದು ತಪ್ಪು. ಕಂಟ್ರೋಲಿನಲ್ಲಿ ಸರಾಸರಿ 92 ಮರಿಗಳು, 32 ಮೈಕ್ರೋಗ್ರಾಂನಲ್ಲಿ 86, 100 ಮೈಕ್ರೋಗ್ರಾಂನಲ್ಲಿ 71 ಬಂದವೆಂದುಕೊಳ್ಳೋಣ. ತಾಯಿಯಿಂದ ತಾಯಿಗೆ ವ್ಯತ್ಯಾಸ ಶೇ. 12ರಷ್ಟಿರುವ ಅಚ್ಚುಕಟ್ಟಾದ ಪರೀಕ್ಷೆಯಲ್ಲಿ ಹತ್ತು ಹತ್ತು ಪ್ರಾಣಿಗಳಿಂದ ಸುಮಾರು ಶೇ. 12ರ ಕುಸಿತವನ್ನು ಗುರುತಿಸಬಹುದು. ಹಾಗಾಗಿ 92ರಿಂದ 71ಕ್ಕೆ ಇಳಿದದ್ದು ಸಿಕ್ಕಿಬೀಳುತ್ತದೆ, ಎನ್‌ಒಇಸಿ 32 ಆಗುತ್ತದೆ. ಅದೇ ವ್ಯತ್ಯಾಸ ಶೇ. 30 ಇರುವ ಅಸ್ತವ್ಯಸ್ತ ಪರೀಕ್ಷೆಯಲ್ಲಿ ಶೇ. 30ಕ್ಕಿಂತ ಕಡಿಮೆ ಕುಸಿತ ಗದ್ದಲದಲ್ಲಿ ಮುಳುಗಿಹೋಗುತ್ತದೆ, ಎನ್‌ಒಇಸಿ 100ಕ್ಕೆ ಏರುತ್ತದೆ. ಕೆಲಸ ಕೆಟ್ಟಷ್ಟೂ ರಾಸಾಯನಿಕ ಸಾಧುವಾಗಿ ಕಾಣುವ ಈ ಲೆಕ್ಕ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಎಲ್ಲ ಸಾಂದ್ರತೆಗಳಿಗೂ ಒಂದೇ ವಕ್ರರೇಖೆ ಹೊಂದಿಸಿ, ಮರಿಗಳ ಸಂಖ್ಯೆ ಶೇ. 10 ಇಳಿಯುವ ಸಾಂದ್ರತೆಯಾದ ಇಸಿ10ನ್ನು ಅದರ ವಿಶ್ವಾಸದ ಮಿತಿಗಳೊಂದಿಗೆ (ನಿಜವಾದ ಅಂಕಿ ಇರಬಹುದಾದ ಕೆಳಗಿನ ಮತ್ತು ಮೇಲಿನ ಅಂಚುಗಳೊಂದಿಗೆ) ಕೊಡುವುದು ಹೆಚ್ಚು ಪ್ರಾಮಾಣಿಕ. ಅಲ್ಲಿ ಅಸ್ತವ್ಯಸ್ತ ಕೆಲಸ ಅಗಲವಾದ ಮಿತಿಗಳಾಗಿ ಎದ್ದು ಕಾಣುತ್ತದೆ.

ಈ ಅಂಕಿ ಕಡತದಲ್ಲಿ ಮಲಗುವುದಿಲ್ಲ. ರಾಸಾಯನಿಕಗಳನ್ನು ನಿಯಂತ್ರಿಸುವ ಯುರೋಪಿನ ರೀಚ್ ಕಾನೂನಿನಂತೆ ವರ್ಷಕ್ಕೆ 100 ಟನ್ ಅಥವಾ ಅದಕ್ಕಿಂತ ಹೆಚ್ಚು ತಯಾರಾಗುವ ಇಲ್ಲವೇ ಆಮದಾಗುವ ವಸ್ತುವಿಗೆ ಅಕಶೇರುಕಗಳ ದೀರ್ಘಕಾಲೀನ ಮಾಹಿತಿ ಬೇಕು. ನೀರಿನಲ್ಲಿ ಕರಗುವುದೇ ಕಷ್ಟವಾದ ವಸ್ತುಗಳಿಗೆ ಅದಕ್ಕಿಂತ ಕಡಿಮೆ ಪ್ರಮಾಣದಲ್ಲೂ ಇದನ್ನು ಪರಿಗಣಿಸಬೇಕು, ಏಕೆಂದರೆ ಅವು 48 ಗಂಟೆಗಳಲ್ಲಿ ಪ್ರಾಣಿಯ ಮೈ ಸೇರುವುದೇ ನಿಧಾನ. ಹಾನಿಯಾಗದೆಂದು ಅಂದಾಜಿಸುವ ಸಾಂದ್ರತೆಯನ್ನು ಪಡೆಯಲು ಪ್ರಯೋಗದ ಅಂಕಿಯನ್ನು ಸುರಕ್ಷತಾ ಗುಣಕದಿಂದ ಭಾಗಿಸುತ್ತಾರೆ. ತೀವ್ರ ವಿಷತ್ವದ, ಅಂದರೆ 48 ಗಂಟೆಯಂತಹ ಅಲ್ಪಕಾಲದ ಪರೀಕ್ಷೆಯ, ಅಂಕಿ ಮಾತ್ರ ಇದ್ದರೆ 1000, ಮೀನು ಅಥವಾ ಡಾಫ್ನಿಯಾದ ಒಂದು ದೀರ್ಘಕಾಲೀನ ಅಂಕಿಯಿದ್ದರೆ 100, ಪಾಚಿ, ಡಾಫ್ನಿಯಾ, ಮೀನು ಮೂರಕ್ಕೂ ಇದ್ದರೆ 10. ಭಾರತ 2011ರಲ್ಲಿ ಒಇಸಿಡಿಯ ದತ್ತಾಂಶ ಪರಸ್ಪರ ಸ್ವೀಕಾರ ವ್ಯವಸ್ಥೆಯ ಪೂರ್ಣ ಸದಸ್ಯನಾದ ಮೇಲೆ, ಬೆಂಗಳೂರಿನ ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಎಣಿಸಿದ ಮರಿಗಳ ಲೆಕ್ಕ ಯುರೋಪಿನ ಕಡತಗಳಿಗೂ ಸಲ್ಲುತ್ತದೆ.

ಮರಿಗಳ ಸಂಖ್ಯೆಯಷ್ಟನ್ನೇ ನೋಡಿದರೂ ಕೆಲವು ಸಂಗತಿ ತಪ್ಪಿಹೋಗುತ್ತವೆ. ಸೊಳ್ಳೆಯ ಮರಿಹುಳುಗಳನ್ನು ತಡೆಯಲು ಬಳಸುವ ಪೈರಿಪ್ರಾಕ್ಸಿಫೆನ್ ಕೀಟಗಳ ಬಾಲ್ಯ ಹಾರ್ಮೋನಿನ ವೇಷ ಹಾಕಿ ಕೆಲಸ ಮಾಡುತ್ತದೆ. ಡಾಫ್ನಿಯಾಕ್ಕೆ ಅದು ತಗುಲಿದಾಗ ತಾಯಿ ಹೆಣ್ಣು ಮರಿಗಳ ಬದಲು ಗಂಡು ಮರಿಗಳನ್ನು ಹಾಕತೊಡಗುತ್ತದೆ. ಎಣಿಸುವವರ ಕಣ್ಣಿಗೆ ಮರಿ ಮರಿಯೇ. ಸೂಕ್ಷ್ಮದರ್ಶಕದಡಿ ಮೊದಲ ಜೋಡಿ ಮೀಸೆಗಳು ಉದ್ದವಾಗಿವೆಯೇ ಎಂದು ನೋಡಿದಾಗಲಷ್ಟೇ ಗಂಡೆಂದು ತಿಳಿಯುತ್ತದೆ. ಇದಕ್ಕೆಂದೇ ಮಾರ್ಗಸೂಚಿಗೆ ಪ್ರತ್ಯೇಕ ಅನುಬಂಧವಿದೆ. ಡೈಫ್ಲುಬೆನ್ಜುರಾನ್ ಎಂಬ ಕೀಟನಾಶಕ ಬೇರೆ ಬಗೆಯದು: ಅದು ಚಿಪ್ಪನ್ನು ಕಟ್ಟುವ ಕೈಟಿನ್ ತಯಾರಾಗುವುದನ್ನೇ ತಡೆಯುವುದರಿಂದ ಪ್ರಾಣಿ ಪೊರೆ ಬಿಡುವ ಹೊತ್ತಿನಲ್ಲಿ ಸಿಕ್ಕಿಕೊಂಡು ಸಾಯುತ್ತದೆ. ಎರಡು ದಿನದ ಪರೀಕ್ಷೆಯಲ್ಲಿ ಮರಿ ಒಂದೆರಡು ಬಾರಿ ಪೊರೆ ಬಿಟ್ಟರೆ ಹೆಚ್ಚು, 21 ದಿನದಲ್ಲಿ ಮತ್ತೆ ಮತ್ತೆ ಬಿಡಬೇಕು.

ಡಾಫ್ನಿಯಾವನ್ನೇ ಸಕಲ ಅಕಶೇರುಕಗಳ ಪ್ರತಿನಿಧಿಯೆಂದು ನಂಬಿದರೆ ಏನಾಗುತ್ತದೆ ಎಂಬುದನ್ನು ಇಮಿಡಾಕ್ಲೋಪ್ರಿಡ್ ತೋರಿಸಿಕೊಟ್ಟಿತು. ಭತ್ತ, ಹತ್ತಿಗೆ ನಮ್ಮ ರೈತರೂ ಬಳಸುವ ಈ ಕೀಟನಾಶಕದ 48 ಗಂಟೆಗಳ ಇಸಿ50 ಡಾಫ್ನಿಯಾದಲ್ಲಿ ಲೀಟರಿಗೆ ಸುಮಾರು 85 ಮಿಲಿಗ್ರಾಂ. ನೀರುಚಿಗಟದ ಮಟ್ಟಿಗೆ ಬಹುತೇಕ ನಿರುಪದ್ರವಿ. ಆದರೆ ಕೈರೊನೊಮಸ್ ಎಂಬ ಕಚ್ಚದ ಸೊಳ್ಳೆಯ ಮರಿಹುಳುವಿಗೆ ದೀರ್ಘಕಾಲೀನ ಪರೀಕ್ಷೆಯಲ್ಲಿ ಕೆಲವೇ ಮೈಕ್ರೋಗ್ರಾಂ ಸಾಕು, ಮೇಫ್ಲೈ ಎಂಬ ಕೀಟದ ನೀರಿನಲ್ಲಿ ಬೆಳೆಯುವ ಮರಿಗಳಿಗೆ ಅದಕ್ಕಿಂತಲೂ ಕಡಿಮೆ. ಡಾಫ್ನಿಯಾ ಕೀಟವಲ್ಲ, ಸೀಗಡಿಯ ಬಳಗಕ್ಕೆ ಸೇರಿದ ಜೀವಿ; ಈ ಕೀಟನಾಶಕ ಹುಡುಕಿಕೊಂಡು ಹೋಗಿ ಅಂಟುವ ನರಗ್ರಾಹಕಗಳು ಕೀಟಗಳಲ್ಲಿರುವಂತೆ ಅದರಲ್ಲಿಲ್ಲ. ಕೀಟನಾಶಕದ ಕಡತದಲ್ಲಿ ಡಾಫ್ನಿಯಾ ಮಾತ್ರ ಕಂಡರೆ ನಾನು ಕೈರೊನೊಮಸ್ ಎಲ್ಲಿ ಎಂದು ಕೇಳುತ್ತೇನೆ.

ಕೈರೊನೊಮಸ್ ಪರೀಕ್ಷೆ 28 ದಿನದ್ದು. ಬೀಕರಿನ ತಳದಲ್ಲಿ ಕೆಸರು ಹಾಸಿ, ಮರಿಹುಳುಗಳನ್ನು ಬಿಟ್ಟು, ಮೇಲೆ ಬಲೆ ಕಟ್ಟಿ, ಎಷ್ಟು ಹುಳುಗಳು ಯಾವ ದಿನ ರೆಕ್ಕೆ ಬಂದು ಹೊರಬಂದವು ಎಂದು ಬರೆದುಕೊಳ್ಳಬೇಕು. ಅದರ ರಕ್ತಗೆಂಪು ಮರಿಹುಳು ಬೆಂಗಳೂರಿನ ಕೆರೆಗಳ ಕೆಸರಿನಲ್ಲಿ ಧಾರಾಳವಾಗಿ ಸಿಗುತ್ತದೆ, ಸಂಜೆ ಕೆರೆಯಂಚಿನ ಮನೆಗಳ ಟ್ಯೂಬ್‌ಲೈಟಿಗೆ ಮುತ್ತುವುದು ಅದೇ ಜಾತಿಯ ಬಳಗ. ಡಾಫ್ನಿಯಾ ಮ್ಯಾಗ್ನಾ ಮಾತ್ರ ತಂಪು ಸೀಮೆಯ ನೀರಿನದು. ನಮ್ಮ ಕೆರೆಗಳಲ್ಲಿ ಮೊಯಿನಾ, ಸೀರಿಯೊಡಾಫ್ನಿಯಾದಂತಹ ಇನ್ನೂ ಚಿಕ್ಕ ನೀರುಚಿಗಟಗಳು 25 ಡಿಗ್ರಿ ದಾಟಿದ ನೀರಿನಲ್ಲಿ ಬೇಗ ಬೆಳೆದು ಬೇಗ ಮರಿ ಹಾಕುತ್ತವೆ. ಅಮೆರಿಕದಲ್ಲಿ ತ್ಯಾಜ್ಯನೀರನ್ನು ಪರೀಕ್ಷಿಸಲು ಸೀರಿಯೊಡಾಫ್ನಿಯಾ ಡೂಬಿಯಾವನ್ನು 25 ಡಿಗ್ರಿಯಲ್ಲಿ ಸುಮಾರು ಒಂದು ವಾರ ಸಾಕಿ ಮೂರು ಸೂಲಿನ ಮರಿಗಳನ್ನು ಎಣಿಸುವ ವಿಧಾನ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ನಾವು ಮಾತ್ರ ಏರ್ ಕಂಡೀಷನರ್ ಹಾಕಿ ಕೋಣೆಯನ್ನು 20 ಡಿಗ್ರಿಗೆ ಇಳಿಸಿಕೊಂಡು, ಸ್ವೆಟರ್ ಹಾಕಿಕೊಂಡು, ತಂಪು ಸೀಮೆಯ ಪ್ರಾಣಿಯ ಮರಿಗಳನ್ನು ಎಣಿಸುತ್ತಿದ್ದೇವೆ.