ಸಿಡಿಗೆ ಗೀರು ಬೀಳಬಾರದ್ದು ಯಾವ ಬದಿಗೆ?

ಪ್ರಶ್ನೆ: ಊರಿನ ಯಕ್ಷಗಾನ, ಮನೆಯ ಮದುವೆ, ಮುಂಜಿ ಎಲ್ಲ ಸೇರಿ ನೂರರಷ್ಟು ಸಿಡಿ, ಡಿವಿಡಿಗಳಿವೆ. ನಮ್ಮದು ಡೊಂಬಿವಲಿಯ ಸಣ್ಣ ಮನೆ, ಜಾಗವಿಲ್ಲ. ಝಿಪ್ ಪೌಚಿನಲ್ಲಿ ಹೊಳೆಯುವ ಬದಿಗೆ ಗೀರು ಬೀಳದಂತೆ ಇಟ್ಟರೆ ಸಾಕಲ್ಲವೇ?

ಸಾಲದು. ಪ್ರತಿ ಮಳೆಗಾಲಕ್ಕೂ ಇದೇ ಪ್ರಶ್ನೆ ಬರುತ್ತದೆ, ಅದರೊಳಗೆ ಅದೇ ತಪ್ಪು ನಂಬಿಕೆ ಕೂತಿರುತ್ತದೆ: ಹೊಳೆಯುವ ಬದಿ ಸೂಕ್ಷ್ಮ, ಹೆಸರು ಬರೆಯುವ ಬದಿ ಗಟ್ಟಿ. ಸಿಡಿ-ಆರ್, ಅಂದರೆ ಖಾಲಿ ಕೊಂಡು ನಾವೇ ರೆಕಾರ್ಡ್ ಮಾಡಿಕೊಳ್ಳುವ ಸಿಡಿಯ ಮಟ್ಟಿಗೆ ಇದು ಪೂರ್ತಿ ತಲೆಕೆಳಗು.

ಡಿಸ್ಕಿನ ದಪ್ಪ 1.2 ಮಿ.ಮೀ. ಹೆಚ್ಚುಕಡಿಮೆ ಅಷ್ಟೂ ಕೆಳಗಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕೇ. ಅದರ ಮೇಲೆ ರೆಕಾರ್ಡಿಂಗ್ ಹಿಡಿದಿಡುವ ಬಣ್ಣದ (ಡೈ) ಪದರ, ಆಮೇಲೆ ಬೆಳ್ಳಿಯಂಥ ಲೋಹದ ಲೇಪ, ಕೊನೆಗೆ ಕೂದಲೆಳೆಗಿಂತ ತೆಳುವಾದ ವಾರ್ನಿಷ್. ರೆಕಾರ್ಡಿಂಗ್ ಇರುವುದು ಆ ವಾರ್ನಿಷಿನ ಅಡಿಗೇ. ನಂಬಿಕೆ ಬಾರದಿದ್ದರೆ ಬೇಡವಾದ ಸಿಡಿ-ಆರ್ ಒಂದನ್ನು ತೆಗೆದುಕೊಳ್ಳಿ. ಹೆಸರಿನ ಬದಿಯಲ್ಲಿ ಪಿನ್ನಿನಿಂದ ಗೆರೆ ಎಳೆದು, ಪ್ಯಾಕಿಂಗ್ ಟೇಪ್ ಒತ್ತಿ ಅಂಟಿಸಿ, ಒಂದೇ ಎಳೆತಕ್ಕೆ ಕೀಳಿ. ಟೇಪಿನೊಂದಿಗೆ ಬೆಳ್ಳಿ ಚಕ್ಕೆಚಕ್ಕೆಯಾಗಿ ಎದ್ದು ಬರುತ್ತದೆ, ಡಿಸ್ಕಿನಲ್ಲಿ ಕನ್ನಡಿಯಿಲ್ಲದ ಕಿಟಕಿ ಉಳಿಯುತ್ತದೆ. ಅಲ್ಲಿದ್ದ ಹಾಡನ್ನು ಯಾರೂ ಮರಳಿ ತರಲಾರರು.

ಕೆಳಬದಿಯ ಸಣ್ಣ ಗೀರಿಗೆ ಇಷ್ಟು ಹೆದರಬೇಕಿಲ್ಲ. ಲೇಸರ್ ಒಳಹೊಗುವಾಗ ಮುಕ್ಕಾಲು ಮಿಲಿಮೀಟರಿನಷ್ಟು ಅಗಲವಿದ್ದು, ಒಳಗಿನ ಪದರ ಮುಟ್ಟುವ ಹೊತ್ತಿಗೆ ಮೊನೆಯಾಗುತ್ತದೆ. ಮೇಲ್ಮೈಯ ಗೀರು ಅದರ ಕಣ್ಣಿಗೆ ಮಸುಕು. ಪಾಲಿಷ್ ಮಾಡಿ ಸರಿಪಡಿಸುವುದೂ ಸಾಧ್ಯ. ಡಿಸ್ಕಿನ ಸುತ್ತಿನ ಗುಂಟ ಬಳೆಯಂತೆ ಬಿದ್ದ ಗೀರು ಮಾತ್ರ ಕೆಟ್ಟದ್ದು, ಅದಕ್ಕೇ ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಒರೆಸಬೇಕು.

ಡಿವಿಡಿಯ ಕಥೆ ಬೇರೆ. ಅದು 0.6 ಮಿ.ಮೀ.ನ ಎರಡು ಹಾಳೆಗಳನ್ನು ಅಂಟಿಸಿದ್ದು, ದಾಖಲೆ ನಡುವೆ ಸುರಕ್ಷಿತ. ಅದರ ಶತ್ರು ಬಾಗು.

ಹಾಗಾಗಿ ಪೆಟ್ಟಿಗೆಗೆ ಒಂದೇ ಪರೀಕ್ಷೆ: ಡಿಸ್ಕಿನ ಎರಡೂ ಮುಖ ಏನನ್ನೂ ತಾಗಬಾರದು, ಡಿಸ್ಕಿನ ರಂಧ್ರದೊಳಗೆ ಕೂರುವ, ಪೆಟ್ಟಿಗೆಯ ನಡುವಿನ ಗುಬ್ಬಿಯೊಂದೇ ಹಿಡಿದಿರಬೇಕು. ಪೌಚಿನಲ್ಲಿ ಎರಡೂ ಮುಖ ಉಜ್ಜುತ್ತವೆ, ಒಂದು ಮರಳಿನ ಕಣ ಸಿಕ್ಕಿದರೆ ಆ ವಾರ್ನಿಷ್ ಹೋಯಿತು. ಅಗ್ಗದ ಪಿವಿಸಿ ಪೌಚುಗಳು ಸೆಖೆಗೆ ಬೆವೆತಂತಾಗಿ ಡಿಸ್ಕಿಗೇ ಅಂಟಿಕೊಳ್ಳುತ್ತವೆ.

ಜಾಗದ ಲೆಕ್ಕ ನೋಡಿ. ಜ್ಯುವೆಲ್ ಕೇಸ್ ಎನ್ನುವ ದಪ್ಪ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಸುಮಾರು 10 ಮಿ.ಮೀ., ನೂರಕ್ಕೆ ಒಂದು ಮೀಟರು ಶೆಲ್ಫ್. ಸ್ಲಿಮ್ ಕೇಸ್ ಅದರ ಅರ್ಧ. ಸಿಡಿಗೆ ಸ್ಲಿಮ್ ಸಾಕು, ಡಿವಿಡಿಗೆ ಗುಬ್ಬಿ ಸಡಿಲಿರುವುದೇ ಬೇಕು. ಕೇಸ್ ಕೊಳ್ಳಲು ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ಒಂದು ಡಿಸ್ಕ್ ಜೊತೆಗಿರಲಿ. ಗುಬ್ಬಿಯನ್ನು ಬೆರಳಿನಿಂದ ಒತ್ತಿದೊಡನೆ ಡಿಸ್ಕ್ ಬಾಗದೆ ಮೇಲೇಳಬೇಕು. ಅಂಚು ಹಿಡಿದು ಎಳೆಯಬೇಕಾಗಿ ಬಂದರೆ ಆ ಕೇಸ್ ಬೇಡ.

ಪುಸ್ತಕದಂತೆ ನಿಲ್ಲಿಸಿಡಿ, ಒಂದರ ಮೇಲೊಂದು ಹೇರಬೇಡಿ. ಮಳೆಗೆ ಒದ್ದೆಯಾಗುವ ಹೊರಗೋಡೆಯ ಕಪಾಟು ಬೇಡ. ಬಿಸಿಲೂ ಬೇಡ, ಡೈ ಕೆಡುತ್ತದೆ. ಸೀರೆಗಳ ನಡುವೆಯಂತೂ ಬೇಡವೇ ಬೇಡ, ನುಸಿಗುಳಿಗೆಯ ಆವಿ ಕೇಸಿನ ಪ್ಲಾಸ್ಟಿಕ್ಕನ್ನೇ ಮೆತ್ತಗಾಗಿಸುತ್ತದೆ.

ನೀವು ಕೇಳದ ಇನ್ನೊಂದು: ಹೆಸರು ಬರೆಯುವುದು ಎಲ್ಲಿ? ನಡುವಿನ ರಂಧ್ರದ ಸುತ್ತ ಪಾರದರ್ಶಕ ಉಂಗುರವಿದೆ, ದಾಖಲೆ ಇಲ್ಲದ ಜಾಗ. ಮೆತ್ತನೆ ಮೊನೆಯ ಸಿಡಿ ಮಾರ್ಕರಿನಿಂದ ಅಲ್ಲಿ ಒಂದು ಸಂಖ್ಯೆ ಹಾಕಿ, ವಿವರವನ್ನು ಕೇಸಿನ ಚೀಟಿಯಲ್ಲಿ ಬರೆಯಿರಿ. ಬಾಲ್‌ಪೆನ್ ಮುಟ್ಟಿಸಲೇಬೇಡಿ. ಈಗಾಗಲೇ ಸ್ಟಿಕ್ಕರ್ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಟೇಪಿನಿಂದ ಆದದ್ದೇ ಆಗುತ್ತದೆ. ಅಂಥವನ್ನು ಬೇರೆಯಾಗಿ ತೆಗೆದಿಟ್ಟು, ಕಂಪ್ಯೂಟರಿಗೆ ಮೊದಲು ನಕಲು ಮಾಡಿಕೊಳ್ಳಿ.