ಪದ ಪರಿಚಯ: ಆಕ್ಸಿಜನ್ ವಿದ್ಯುತ್-ವೇಗವರ್ಧಕ

ಶ್ರವಣ ಸಾಧನಕ್ಕೆ ಹಾಕುವ ಗುಂಡಿ ಬ್ಯಾಟರಿಯ ಬೆನ್ನಿಗೆ ಪುಟ್ಟ ಸ್ಟಿಕ್ಕರ್ ಅಂಟಿಸಿರುತ್ತಾರೆ. ಕಿತ್ತರೆ ಕೆಳಗೆ ಸೂಜಿಮೊನೆಯಷ್ಟು ತೂತುಗಳು. ಗಾಳಿ ಒಳಹೊಕ್ಕ ಮೇಲೆಯೇ ಆ ಬ್ಯಾಟರಿಗೆ ಜೀವ. ಒಳಗೆ ತುಂಬಿರುವುದು ಸತು ಮಾತ್ರ; ಆಕ್ಸಿಜನ್ ಹೊರಗಿಂದ ಬರಬೇಕು.

ಆದರೆ ಆಕ್ಸಿಜನ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರ ಎರಡು ಪರಮಾಣುಗಳ ಜೋಡಿಬಂಧ ಗಟ್ಟಿ. ಒಂದು ಮೋಲ್, ಅಂದರೆ 32 ಗ್ರಾಂ ಆಕ್ಸಿಜನ್ ಬಿಡಿಸಲು ಸುಮಾರು 498 ಕಿಲೋಜೂಲ್ ಬೇಕು. ಅದನ್ನು ಒಲಿಸಿ ಎಲೆಕ್ಟ್ರಾನ್ ತೆಗೆದುಕೊಳ್ಳುವಂತೆ ಮಾಡಲೆಂದೇ ತೂತುಗಳ ಹಿಂದಿನ ಇಂಗಾಲದ ಪದರದಲ್ಲಿ ಮ್ಯಾಂಗನೀಸ್ ಆಕ್ಸೈಡ್ ಬೆರೆಸುತ್ತಾರೆ. ಇಂಥ ವಸ್ತುವೇ ಆಕ್ಸಿಜನ್ ವಿದ್ಯುತ್-ವೇಗವರ್ಧಕ.

ಹೈಡ್ರೋಜನ್, ಆಕ್ಸಿಜನ್ ಸೇರಿಸಿ ವಿದ್ಯುತ್ ಮಾಡುವ ಫ್ಯುಯೆಲ್ ಸೆಲ್‌ನಲ್ಲಿ ಆಕ್ಸಿಜನ್ ಅಣುವೊಂದು ನಾಲ್ಕು ಎಲೆಕ್ಟ್ರಾನ್ ಪಡೆದು ನೀರಾಗುತ್ತದೆ. ನೀರನ್ನು ಒಡೆಯುವ ಎಲೆಕ್ಟ್ರೊಲೈಸರ್‌ನಲ್ಲಿ ಇದೇ ಕ್ರಿಯೆ ಹಿಂದುಮುಂದಾಗಿ ನಡೆಯುತ್ತದೆ. ಲೆಕ್ಕದ ಪ್ರಕಾರ ಎರಡಕ್ಕೂ 1.23 ವೋಲ್ಟ್. ನಿಜದಲ್ಲಿ ಮೊದಲನೆಯದು ಅದಕ್ಕಿಂತ ಕಡಿಮೆ ಕೊಡುತ್ತದೆ, ಎರಡನೆಯದು ಹೆಚ್ಚು ಕೇಳುತ್ತದೆ. ಈ ನಷ್ಟದ ದೊಡ್ಡ ಪಾಲು ಆಕ್ಸಿಜನ್ನಿನದೇ.

'ವೇಗವರ್ಧಕ' ಎಂಬ ಹೆಸರು ಅರ್ಧ ಮಾತನ್ನಷ್ಟೇ ಹೇಳುತ್ತದೆ ಅನ್ನಿಸುತ್ತದೆ ನನಗೆ. ಅಸಲಿ ಗುಟ್ಟು ಹಿಡಿತದಲ್ಲಿದೆ: ಸಡಿಲವಾದರೆ ಆಕ್ಸಿಜನ್ ನಿಲ್ಲುವುದೇ ಇಲ್ಲ, ಬಿಗಿಯಾದರೆ ಬಿಟ್ಟು ಹೋಗುವುದಿಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಪಾಲ್ ಸಬಾಟಿಯೆ ಹೆಸರಿನಲ್ಲಿರುವ ತತ್ತ್ವ ಇದು. ಆಮ್ಲೀಯ ಸೆಲ್‌ಗಳಲ್ಲಿ ಈ ಹದಕ್ಕೆ ಹತ್ತಿರ ಬಂದವು, ನೀರು ಮಾಡುವ ಕಡೆ ಪ್ಲಾಟಿನಂ, ಒಡೆಯುವ ಕಡೆ ಇರಿಡಿಯಂ ಆಕ್ಸೈಡ್. ಎರಡೂ ಅಪರೂಪ, ಎರಡೂ ದುಬಾರಿ.

ಪ್ಲಾಟಿನಂಗೆ ಅಗ್ಗದ ಬದಲಿ ಇಲ್ಲವೆಂದಲ್ಲ. ಕೋಬಾಲ್ಟ್ ಥಾಲೋಸಯನೀನ್ ಎಂಬ ಸಂಯುಕ್ತವೂ ಈ ಕೆಲಸ ಮಾಡಬಲ್ಲದೆಂದು 1964ರಲ್ಲೇ ತೋರಿಸಲಾಗಿತ್ತು. ಅದೇ ದಾರಿಯಲ್ಲಿ ಬಂದದ್ದು ಇಂಗಾಲದ ಹಾಳೆಯಲ್ಲಿ ಸಾರಜನಕದ ನಡುವೆ ಒಂದೊಂದೇ ಕಬ್ಬಿಣದ ಪರಮಾಣು ಕೂರಿಸಿದ ವಸ್ತು. ಮೊದಲ ಕೆಲವು ಗಂಟೆ ಚೆನ್ನಾಗಿಯೇ ದುಡಿಯುತ್ತದೆ. ಆಮೇಲೆ ಎಡವಟ್ಟು. ಕೆಲವು ಆಕ್ಸಿಜನ್ ಅಣುಗಳು ನಾಲ್ಕರ ಬದಲು ಎರಡೇ ಎಲೆಕ್ಟ್ರಾನ್ ಪಡೆದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತವೆ. ಅದು ಕಬ್ಬಿಣದ ಸಂಗಡ ಸೇರಿದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ತೀಕ್ಷ್ಣ ರ‍್ಯಾಡಿಕಲ್‌ಗಳು ಹುಟ್ಟಿ ಇಂಗಾಲವನ್ನೂ ಸೆಲ್‌ನ ಎರಡು ಬದಿಗಳ ನಡುವಿನ ಪೊರೆಯನ್ನೂ ಕೊರೆಯುತ್ತವೆ. ಕಬ್ಬಿಣವೂ ಕರಗಿ ಆಮ್ಲಕ್ಕೆ ಸೋರುತ್ತದೆ.

ಹಾಗಾಗಿ 'ಪ್ಲಾಟಿನಂಗೆ ಸರಿಸಾಟಿ' ಎಂಬ ಸುದ್ದಿ ಕಂಡಾಗ ನಾನು ಮೊದಲು ಹುಡುಕುವುದು ಎಷ್ಟು ಗಂಟೆ ಓಡಿಸಿ ನೋಡಿದರು ಎಂಬುದನ್ನು. ಕಿವಿಯ ಬ್ಯಾಟರಿಗೆ ಒಂದೆರಡು ವಾರ ಸಾಕು. ಭಾರೀ ಲಾರಿಯ ಫ್ಯುಯೆಲ್ ಸೆಲ್‌ಗೆ ಅಮೆರಿಕದ ಇಂಧನ ಇಲಾಖೆ ಇಟ್ಟಿರುವ ಗುರಿ 25,000 ಗಂಟೆ. ಕ್ಷಾರದ ದ್ರಾವಣದಲ್ಲಿ ಪರಿಸ್ಥಿತಿ ಅಷ್ಟು ಕಠೋರವಲ್ಲ. ಅಲ್ಲಿ ನೀರು ಒಡೆಯಲು ನಿಕ್ಕಲ್, ಕಬ್ಬಿಣಗಳೇ ಸಾಕಾಗುತ್ತವೆ. ಆಮ್ಲದ ಕಡೆ ಇರಿಡಿಯಂ ಇನ್ನೂ ಜಾಗ ಬಿಟ್ಟುಕೊಟ್ಟಿಲ್ಲ.